ಸೀಟು ಸಿಕ್ಕಿತು, ಇರಲು ಜಾಗ?

ಮಕ್ಕಳನ್ನು ವಿದೇಶಕ್ಕೆ ಓದಲು ಕಳಿಸುವ ಮಾತು ಈಗ ನಮ್ಮ ಕಡೆಯೂ ಮಾಮೂಲಾಗಿದೆ. ಹುಣಸೂರಿನಲ್ಲಿ ಅಂಗಡಿ ಇಟ್ಟವರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರು, ಎಚ್.ಡಿ. ಕೋಟೆಯ ಶುಂಠಿ ವ್ಯಾಪಾರದವರು ಸೀಟು, ವೀಸಾ, ಬ್ಯಾಂಕ್ ಸಾಲದ ಬಗ್ಗೆ ಗಂಟೆಗಟ್ಟಲೆ ವಿಚಾರಿಸುತ್ತಾರೆ. ‘ಹುಡುಗ ಅಲ್ಲಿ ಎಲ್ಲಿ ಇರ್ತಾನೆ?’ ಎಂದು ಕೇಳಿದರೆ ಮಾತ್ರ, ‘ಅದು ಹೋದ್ಮೇಲೆ ನೋಡ್ಕೊಂಡ್ರಾಯ್ತು ಉಸ್ತಾದ್, ನಮ್ಮೋರು ಯಾರಾದ್ರೂ ಇದ್ದೇ ಇರ್ತಾರೆ’ ಅನ್ನುತ್ತಾರೆ.

ಇದು ಗಲ್ಫ್ ಕಲಿಸಿದ ಉತ್ತರ. ದುಬೈಗೋ ದಮಾಮ್‌ಗೋ ಹೋದವನಿಗೆ ಕಂಪನಿ ರೂಮ್ ಇರುತ್ತಿತ್ತು. ಇಲ್ಲದಿದ್ದರೆ ಮಾವನ ರೂಮಿನಲ್ಲಿ ಒಂದು ಬೆಡ್ ಸ್ಪೇಸ್, ಎಂಟು ಜನರ ಮೆಸ್ಸಿನಲ್ಲಿ ಒಂಬತ್ತನೇ ತಟ್ಟೆ. ಆ ಔದಾರ್ಯದಿಂದ ನಮ್ಮ ಎಷ್ಟೋ ಮನೆಗಳು ಎದ್ದು ನಿಂತಿವೆ. ಆದರೆ ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಓದಲು ಹೋದವನಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ವಾಸದ ಜಾಗ ಅಂದರೆ ಮಲಗಲು ಚಾಪೆ ಮಾತ್ರವಲ್ಲ, ಅದು ಒಂದು ಸರ್ಕಾರಿ ಕಾಗದ.

ಇದು ವಿಚಿತ್ರ ಅನಿಸಿದರೆ ನಮ್ಮ ಪಕ್ಕದ ಬೈಲಕುಪ್ಪೆಯನ್ನೇ ನೋಡಿ. 1960ರ ದಶಕದಿಂದ ಅಲ್ಲಿ ಟಿಬೆಟನ್ನರ ಕ್ಯಾಂಪ್ ಇದೆ. ಸೆರಾ, ನಾಮ್‌ಡ್ರೋಲಿಂಗ್ ಮಠಗಳಲ್ಲಿ ಓದಲು ಹೊರದೇಶಗಳಿಂದಲೂ ಬರುತ್ತಾರೆ. ವಿದೇಶಿ ಪ್ರವಾಸಿಗರು ಹಗಲು ಗೋಲ್ಡನ್ ಟೆಂಪಲ್ ನೋಡಬಹುದು, ಆದರೆ ಕ್ಯಾಂಪಿನೊಳಗೆ ರಾತ್ರಿ ತಂಗಬೇಕಾದರೆ ಕೇಂದ್ರ ಗೃಹ ಇಲಾಖೆಯ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಬೇಕು. ಅದಿಲ್ಲದವರು ಸಂಜೆ ಕಾವೇರಿ ದಾಟಿ ಕುಶಾಲನಗರದ ಲಾಡ್ಜ್ ಸೇರುತ್ತಾರೆ. ವಿದೇಶಿಯರನ್ನು ಉಳಿಸಿಕೊಂಡ ಲಾಡ್ಜಿನವರಾಗಲಿ ಮನೆಯವರಾಗಲಿ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ನಾವು ಪರದೇಶದವರಿಗೆ ಇಲ್ಲಿ ಕೇಳುವುದನ್ನೇ ನಮ್ಮ ಮಕ್ಕಳಿಗೆ ಅಲ್ಲಿ ಕೇಳುತ್ತಾರೆ.

ಇಂಗ್ಲೆಂಡಿನಲ್ಲಿ ಬಾಡಿಗೆಗೆ ಬರುವವರ ವೀಸಾ ಪರಿಶೀಲಿಸುವುದು 2016ರಿಂದ ಮನೆ ಮಾಲೀಕರ ಕರ್ತವ್ಯ. ಜೊತೆಗೆ ಅದೇ ದೇಶದಲ್ಲಿ ನೆಲೆಸಿರುವ ಜಾಮೀನುದಾರ ಬೇಕು ಎನ್ನುವವರು ಬಹಳ. ಹುಣಸೂರಿನಲ್ಲಿ ಎಷ್ಟು ಎಕರೆ ಇದ್ದರೂ ಅಲ್ಲಿ ಆ ಜಾಮೀನು ನಡೆಯದು. ಇನ್ನು ನಾಲ್ಕು ಜನರ ಹೆಸರಿನಲ್ಲಿರುವ ಮನೆಗೆ ಐದನೆಯವನಾಗಿ ಗುಟ್ಟಾಗಿ ಸೇರಿಕೊಂಡರೆ? ಬೇರೆ ಬೇರೆ ಕುಟುಂಬದ ಐದು ಅಥವಾ ಹೆಚ್ಚು ಜನ ಒಂದೇ ಮನೆಯಲ್ಲಿದ್ದರೆ ಮಾಲೀಕ ಲೈಸೆನ್ಸ್ ಪಡೆಯಬೇಕು. ಹೀಗಾಗಿ ಒಬ್ಬನನ್ನು ಕನಿಕರದಿಂದ ಸೇರಿಸಿಕೊಂಡ ತಪ್ಪಿಗೆ ಉಳಿದ ನಾಲ್ವರೂ ಮನೆ ಕಳೆದುಕೊಳ್ಳುವ ಅಪಾಯವಿದೆ. ಕರಾರಿನಲ್ಲಿ ಹೆಸರಿಲ್ಲದವನಿಗೆ ವಿಳಾಸದ ಪುರಾವೆ ಇಲ್ಲ, ಬ್ಯಾಂಕ್ ಖಾತೆಗೂ ಕಷ್ಟ, ಕೊಟ್ಟ ಅಡ್ವಾನ್ಸಿಗೆ ರಕ್ಷಣೆಯೂ ಇಲ್ಲ.

ಹೆಸರಿದ್ದವನಿಗೆ ಮಾತ್ರ ಕಾನೂನು ಚೆನ್ನಾಗಿಯೇ ಕಾವಲು ನಿಂತಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸವಾದ ನಮಗೆ ಆಶ್ಚರ್ಯವಾಗಬಹುದು: ಇಂಗ್ಲೆಂಡಿನಲ್ಲಿ 2019ರ ಕಾಯ್ದೆಯಂತೆ ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ. ಆ ಹಣವನ್ನೂ 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಡಿ ಸೇರಿಸಬೇಕು.

ಜರ್ಮನಿಯದು ಇನ್ನೊಂದು ಬಗೆ. ಮನೆಗೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಬೇಕು. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಟ್ಟು ಹೋಗಿರುತ್ತಾರೆ, ತಿಂಗಳಿಗೆ 992 ಯೂರೋ ಸಿಗುತ್ತದೆ. ಆದರೆ ಅದನ್ನು ಪಡೆಯಲು ಅಲ್ಲಿ ಖಾತೆ ಬೇಕು, ಖಾತೆ ತೆರೆಯಲು ಹಲವು ಬ್ಯಾಂಕುಗಳು ನೋಂದಣಿ ಪತ್ರ ಕೇಳುತ್ತವೆ. ಗೆಳೆಯನ ಸೋಫಾ ಮೇಲೆ ಮಲಗುವವನಿಗೆ ಆ ಪತ್ರ ಬರೆದುಕೊಡುವವರು ಯಾರು? ಸ್ವಂತ ದುಡ್ಡು ಖಾತೆಯಲ್ಲೇ ಕೂತಿರುತ್ತದೆ, ಹುಡುಗ ಊರಿಗೆ ಫೋನ್ ಮಾಡುತ್ತಾನೆ. ಅಲ್ಲಿ ‘ಕಾಲ್ಟ್’ ಎಂದರೆ ಬರೀ ಬಾಡಿಗೆ, ‘ವಾರ್ಮ್’ ಎಂದರೆ ಹೀಟರ್ ಇತ್ಯಾದಿ ಖರ್ಚು ಸೇರಿದ ಬಾಡಿಗೆ. ಕಡಿಮೆಯದನ್ನು ನೋಡಿ ಹಿಗ್ಗಬಾರದು. ಖಾಲಿ ಮನೆ ಎಂದರೆ ಕೆಲವೊಮ್ಮೆ ಅಡುಗೆಮನೆಯಲ್ಲಿ ಸಿಂಕೂ ಇರುವುದಿಲ್ಲ! ವಿದ್ಯಾರ್ಥಿಗಳಿಗಾಗಿಯೇ ಇರುವ ‘ಸ್ಟುಡಿಯರೆಂಡನ್‌ವೆರ್ಕ್’ ಸಂಸ್ಥೆಯ ಹಾಸ್ಟೆಲ್‌ಗಳು ಅಗ್ಗ. ಅದಕ್ಕೇ ಅವುಗಳ ಸರದಿ ಉದ್ದ, ಪ್ರವೇಶ ಪತ್ರ ಕೈಗೆ ಬಂದ ದಿನವೇ ಅರ್ಜಿ ಹಾಕಬೇಕು.

ನಮ್ಮ ನಾಲ್ಕು ತಾಲೂಕಿನವರಿಗೆ ಇನ್ನೊಂದು ತೊಡಕಿದೆ, ಇದನ್ನು ಏಜೆಂಟರು ಹೇಳುವುದಿಲ್ಲ. ಬ್ರಿಟನ್‌ನಲ್ಲಿ ಹೆಚ್ಚಿನ ಕೋರ್ಸ್‌ಗಳು ಸೆಪ್ಟೆಂಬರಿನಲ್ಲಿ ಶುರು, ಜರ್ಮನಿಯಲ್ಲಿ ಅಕ್ಟೋಬರಿನಲ್ಲಿ. ಹಾಸ್ಟೆಲ್ ಬುಕಿಂಗ್, ಡಿಪಾಸಿಟ್, ಮೊದಲ ಬಾಡಿಗೆ ಎಲ್ಲವೂ ಜೂನ್‌ನಿಂದ ಆಗಸ್ಟ್ ಒಳಗೆ ಕೇಳುತ್ತಾರೆ. ಆ ಹೊತ್ತಿಗೆ ಹೊಗೆಸೊಪ್ಪು ಹೊಲದಲ್ಲಿರುತ್ತದೆ ಇಲ್ಲವೇ ಬ್ಯಾರನ್‌ನಲ್ಲಿ ಬೇಯುತ್ತಿರುತ್ತದೆ. ಹರಾಜು ಶುರುವಾಗುವುದು ಸಾಮಾನ್ಯವಾಗಿ ದಸರಾ ಆಸುಪಾಸಿನಲ್ಲಿ. ಕೆ.ಆರ್. ನಗರದ ಭತ್ತದ ದುಡ್ಡು ಇನ್ನೂ ತಡ. ಬೆಳೆಗಾರರಿಗೆ ಸಾಲ ಕೊಟ್ಟ ಅಂಗಡಿಯವರಿಗೂ ಅದೇ ಹೊತ್ತಿಗೆ ವಸೂಲಿ. ಹೀಗೆ ಕೈ ಖಾಲಿಯಿರುವ ತಿಂಗಳಲ್ಲೇ ಹಾಸ್ಟೆಲ್ ಕೈತಪ್ಪುತ್ತದೆ. ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವಾಗಲೇ ವಾಸ, ಊಟದ ಖರ್ಚು ಸೇರಿಸಿ, ಮೊದಲ ಕಂತಿನಲ್ಲಿ ಡಿಪಾಸಿಟ್ ಬರುತ್ತದೆಯೇ ಎಂದು ಮ್ಯಾನೇಜರನ್ನು ನೇರ ಕೇಳಿ.

ನನ್ನ ಒಂದು ಅಭಿಪ್ರಾಯ, ಕೆಲವರಿಗೆ ರುಚಿಸಲಿಕ್ಕಿಲ್ಲ. ವಿದೇಶಕ್ಕೆ ಹೊರಟವನಿಗೆ ಜಮಾಅತ್‌ನವರು ಶಾಲು ಹೊದಿಸಿ ಫೋಟೊ ತೆಗೆಸುವುದಕ್ಕಿಂತ, ಆಗಸ್ಟಿನಲ್ಲಿ ಡಿಪಾಸಿಟ್ಟಿನಷ್ಟು ಬಡ್ಡಿಯಿಲ್ಲದ ಕರ್ಜ್ ಕೊಟ್ಟು ಬೆಳೆ ಮಾರಿದ ಮೇಲೆ ವಾಪಸ್ ಪಡೆದರೆ ದೊಡ್ಡ ಉಪಕಾರ. ಕೊಡುವಾಗ ಬರೆದುಕೊಳ್ಳಿ, ಸಾಕ್ಷಿ ಇಟ್ಟುಕೊಳ್ಳಿ.

ಆ ಗಡಿಬಿಡಿಯಲ್ಲೇ ಮೋಸಗಾರರೂ ಹೊಂಚು ಹಾಕಿರುತ್ತಾರೆ. ಪೇಟೆ ಮಧ್ಯೆ ಚೆಂದದ ಮನೆ, ಬಾಡಿಗೆ ಅರ್ಧ. ಮಾಲೀಕ ‘ಈಗ ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಪೋಸ್ಟಿನಲ್ಲಿ ಬರುತ್ತದೆ’ ಅನ್ನುತ್ತಾನೆ. ಪಾಸ್‌ಪೋರ್ಟಿನ ಫೋಟೊವನ್ನೂ ಕಳಿಸುತ್ತಾನೆ, ಅದು ಯಾರದ್ದೋ. ಅಲ್ಲಿರುವ ಪರಿಚಯದವರು ಒಳಗೆ ಹೋಗಿ ನೋಡದ ಮನೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಪರಿಚಯದವರಿಲ್ಲದಿದ್ದರೆ ಯೂನಿವರ್ಸಿಟಿಯ ವಸತಿ ಕಚೇರಿಗೆ, ವಿದ್ಯಾರ್ಥಿ ಸಂಘಕ್ಕೆ, ಆ ಊರಿನ ಮಸೀದಿಗೆ ಬರೆದು ವಿಚಾರಿಸಬಹುದು. ‘ನಮ್ಮೋರು’ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಹೆಣ್ಣುಮಕ್ಕಳನ್ನು ಕಳಿಸುವ ಉಮ್ಮಂದಿರು ಕೇಳಬೇಕಾದದ್ದನ್ನು ಸಂಕೋಚವಿಲ್ಲದೆ ಮೊದಲೇ ಕೇಳಿ. ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾದ ಫ್ಲ್ಯಾಟ್ ಇದೆಯೇ, ಸ್ನಾನಗೃಹ ಹಂಚಿಕೊಳ್ಳಬೇಕೇ, ಅಡುಗೆಮನೆಯಲ್ಲಿ ಬೇರೆ ಪಾತ್ರೆ ಇಟ್ಟುಕೊಳ್ಳಲು ಕಪಾಟಿದೆಯೇ? ಅನೇಕ ಯೂನಿವರ್ಸಿಟಿಗಳ ಹಾಸ್ಟೆಲ್ ಅರ್ಜಿಯಲ್ಲೇ ಇವಕ್ಕೆ ಜಾಗವಿರುತ್ತದೆ. ನಾವು ತುಂಬದೆ ಬಿಡುತ್ತೇವೆ.

ವಿಮಾನದ ಟಿಕೆಟ್ ಕೊನೆಗೆ ಮಾಡಿಸಿ. ಕರಾರು ಶುರುವಾಗುವ ತಾರೀಖಿಗೆ ಮೊದಲು ಹೋದರೆ ರೂಮ್ ಸಿಗುವುದಿಲ್ಲ. ಕೀ ಕೊಡುವ ಕಚೇರಿ ರಾತ್ರಿಯಾಗಲಿ ಭಾನುವಾರವಾಗಲಿ ತೆರೆದಿರುತ್ತದೆಯೇ ಎಂದು ಕೇಳಿಕೊಳ್ಳಿ. ಒಳಗೆ ಕಾಲಿಟ್ಟ ಕೂಡಲೇ, ಪೆಟ್ಟಿಗೆ ಬಿಚ್ಚುವ ಮೊದಲು, ಗೋಡೆ, ಹಾಸಿಗೆ, ಕಿಟಕಿ ಎಲ್ಲದರ ಫೋಟೊ ತೆಗೆದು ಅದೇ ದಿನ ಮಾಲೀಕರಿಗೆ ಈಮೇಲ್ ಮಾಡಲಿ. ವರ್ಷದ ಕೊನೆಗೆ ಡಿಪಾಸಿಟ್ ವಾಪಸ್ ಕೇಳುವಾಗ ಆ ಫೋಟೊಗಳೇ ಸಾಕ್ಷಿ.