ಜೀಪಿನ ಬಾನೆಟ್ ಕೆಳಗಿನ ಇಪ್ಪತ್ತು ಕಿಲೊ

ಆಷಾಢದ ಮಳೆ ಮೂರು ದಿನದಿಂದ ಬಿಟ್ಟಿಲ್ಲ. ತೋಟದ ಶೆಡ್ಡಿನಲ್ಲಿ ವಾರದಿಂದ ನಿಂತಿದ್ದ ಜೀಪಿನ ಕೀ ತಿರುಗಿಸಿದರೆ ಎಂಜಿನ್ ಸದ್ದಿಲ್ಲ. ಬರೀ ‘ಟಕ್, ಟಕ್, ಟಕ್’. ಡ್ಯಾಶ್‌ಬೋರ್ಡಿನ ದೀಪಗಳು ಪ್ರತಿ ಸದ್ದಿಗೂ ಮಂಕಾಗಿ ಮತ್ತೆ ಹೊತ್ತಿಕೊಳ್ಳುತ್ತವೆ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯವರಿಗೆ ಇದು ಹೊಸ ಅನುಭವವೇನಲ್ಲ. ಹಳೆಯ ಡೀಸೆಲ್ ಜೀಪಾಗಿದ್ದರೆ ನಾಲ್ಕು ಜನ ಸೇರಿ ಇಳಿಜಾರಿಗೆ ತಳ್ಳಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಹೊಗೆ ಉಗುಳುತ್ತಾ ಹೊರಟುಬಿಡುತ್ತಿತ್ತು. ಈಗಿನ ಗಾಡಿಗಳಲ್ಲಿ ಎಂಜಿನ್ನಿಗೆ ಎಷ್ಟು ಡೀಸೆಲ್, ಯಾವಾಗ ಎಂಬುದನ್ನು ತೀರ್ಮಾನಿಸುವುದೇ ಕಂಪ್ಯೂಟರ್. ಅದಕ್ಕೆ ಬೇಕಾದಷ್ಟು ವೋಲ್ಟೇಜ್ ಇಲ್ಲದಿದ್ದರೆ ಎಷ್ಟು ತಳ್ಳಿದರೂ ಬೆವರು ಸುರಿದದ್ದಷ್ಟೇ ಬಂತು. ಆಟೊಮ್ಯಾಟಿಕ್ ಗೇರಿನ ಗಾಡಿಯಾದರೆ ತಳ್ಳುವ ಮಾತೇ ಇಲ್ಲ.

ಪೇಟೆಯ ಬ್ಯಾಟರಿ ಅಂಗಡಿಗೆ ಫೋನ್ ಹೋಗುತ್ತದೆ. “ಯಾವ ಗಾಡಿ ಸಾರ್? ಡೀಸೆಲ್ಲಾ, ಪೆಟ್ರೋಲಾ?” ಅಲ್ಲಿಂದ ಬರುವ ಪ್ರಶ್ನೆ ಇಷ್ಟೇ. ಮಾಡೆಲ್ ಹೆಸರು ಹೇಳಿದರೆ ಸಂಜೆಯೊಳಗೆ ಬ್ಯಾಟರಿ ಬಂದು ಕೂರುತ್ತದೆ. ಪೇಟೆಯಲ್ಲೇ ಓಡಾಡುವ ಕಾರಿಗೆ ಅಷ್ಟು ಸಾಕು. ಫೋರ್ ವ್ಹೀಲ್ ಡ್ರೈವ್ ಗಾಡಿಗೆ ಇನ್ನೊಂದು ಪ್ರಶ್ನೆ ಬೇಕು: ಈ ಗಾಡಿಗೆ ದಿನಾ ಏನು ಕೆಲಸ? ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲಿ ಒಂದು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಮಲಗಿರಬಹುದು, ಇನ್ನೊಂದು ದಿನಕ್ಕೆ ಮೂರು ಸಲ ಕೊಡಚಾದ್ರಿ ಹತ್ತಿಳಿಯಬಹುದು. ಎರಡರ ಬ್ಯಾಟರಿಯೂ ಸಾಯುತ್ತದೆ, ಆದರೆ ಬೇರೆಬೇರೆ ಕಾರಣಕ್ಕೆ.

ಹೊಸದನ್ನು ಕೊಳ್ಳುವ ಮೊದಲು ಹಳೆಯದು ನಿಜಕ್ಕೂ ಸತ್ತಿದೆಯೇ ಎಂದು ನೋಡಬೇಕು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೂ ಇದೇ ‘ಟಕ್ ಟಕ್’ ಕೇಳುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಉಜ್ಜಿ ತೊಳೆದು, ಒಣಗಿಸಿ, ಕ್ಲಿಪ್ ಬಿಗಿ ಮಾಡಿ, ಮೇಲೆ ಚೂರು ವ್ಯಾಸಲಿನ್ ಸವರಿದರೆ ಎಷ್ಟೋ ಸಲ ಗಾಡಿ ಎದ್ದು ಕೂರುತ್ತದೆ. ಅದಕ್ಕೂ ಆಗದಿದ್ದರೆ ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಹೊಟ್ಟೆ ತುಂಬಿದೆ ಎಂದರ್ಥ. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿದಿದ್ದರೆ ಹಸಿದು ಬಿದ್ದಿದೆ. ಎಂಜಿನ್ ಓಡುವಾಗ ಅದೇ ಮೀಟರ್ 14ರ ಆಸುಪಾಸು ಬರಬೇಕು. ಬರದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ; ಚಾರ್ಜ್ ಮಾಡಬೇಕಾದ ಆಲ್ಟರ್ನೇಟರಿನದ್ದೋ ಅದನ್ನು ತಿರುಗಿಸುವ ಬೆಲ್ಟಿನದ್ದೋ. ಹಾಗಿರುವಾಗ ಹೊಸ ಬ್ಯಾಟರಿ ಹಾಕಿದರೆ ಅದೂ ನಾಲ್ಕು ದಿನಕ್ಕೆ ಮಲಗುತ್ತದೆ.

ಈ ಪೆಟ್ಟಿಗೆಯ ತತ್ವಕ್ಕೆ ನೂರೈವತ್ತು ವರ್ಷ ದಾಟಿದೆ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಮಾಡಿದ್ದು 1859ರಲ್ಲಿ. ಇವತ್ತಿನ ಜೀಪಿನ ಬ್ಯಾಟರಿಯೂ ಅದೇ ವಂಶದ್ದು: ತಲಾ ಎರಡು ವೋಲ್ಟ್ ಚಿಲ್ಲರೆಯ ಆರು ಕೋಣೆಗಳು, ಪ್ರತಿ ಕೋಣೆಯಲ್ಲೂ ಸೀಸದ ಪ್ಲೇಟುಗಳ ಸಾಲು. ಸೆಲ್ಫ್ ಹೊಡೆಯುವ ಒಂದೆರಡು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಹರಿಸಬೇಕಾದ್ದರಿಂದ ಈ ಪ್ಲೇಟುಗಳನ್ನು ತೆಳುವಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿ ಜೋಡಿಸಿರುತ್ತಾರೆ. ಮನೆಯ ಇನ್ವರ್ಟರ್ ಬ್ಯಾಟರಿಯ ಪ್ಲೇಟು ದಪ್ಪ; ಅದು ನಿಧಾನಕ್ಕೆ, ಗಂಟೆಗಟ್ಟಲೆ ಕೊಡುವ ಜಾತಿ. ಒಂದರ ಕೆಲಸ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಲೇಬಲ್ಲಿನ ಮೇಲೆ ಎರಡು ಸಂಖ್ಯೆ ಮುಖ್ಯ. ಮೊದಲನೆಯದು ಆಂಪಿಯರ್-ಅವರ್, ಅಂದರೆ ಟ್ಯಾಂಕಿನ ಗಾತ್ರ. 80 ಆಂಪಿಯರ್-ಅವರ್ ಬ್ಯಾಟರಿ 4 ಆಂಪಿಯರಿನಂತೆ 20 ಗಂಟೆ ಕೊಡಬಲ್ಲದು. ಎರಡನೆಯದು ಸಿಸಿಎ, ಅಂದರೆ ಚಳಿಯಲ್ಲಿ ಸೆಲ್ಫ್ ಹೊಡೆಯುವ ತಾಕತ್ತು. ಮೈನಸ್ 18 ಡಿಗ್ರಿಯಲ್ಲಿ, ವೋಲ್ಟೇಜ್ 7.2ಕ್ಕಿಂತ ಕೆಳಗಿಳಿಯದಂತೆ 30 ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದು ಅಮೆರಿಕದ ಅಳತೆ. ಯುರೋಪಿನವರದ್ದು, ಜಪಾನಿನವರದ್ದು ಬೇರೆ ಲೆಕ್ಕ. ಆದ್ದರಿಂದ ಎರಡು ಬ್ಯಾಟರಿಗಳ ಸಿಸಿಎ ಹೋಲಿಸುವಾಗ ಎರಡೂ ಒಂದೇ ಪದ್ಧತಿಯದ್ದೇ ಎಂದು ನೋಡಿಕೊಳ್ಳಬೇಕು.

ಹೆಚ್ಚು ಆಂಪಿಯರಿನ ಬ್ಯಾಟರಿ ಹಾಕಿದರೆ ಸೆಲ್ಫ್ ಮೋಟರ್ ಸುಟ್ಟುಹೋಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಅದು ನಿಜವಲ್ಲ. ಮೋಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಹಾಗೆಂದು ದೊಡ್ಡದು ಹಾಕಿದರೆ ಎಲ್ಲ ಸಮಸ್ಯೆ ತೀರಿತು ಎಂಬುದೂ ನಿಜವಲ್ಲ.

ಶೆಡ್ಡಿನ ಜೀಪಿನ ಲೆಕ್ಕವನ್ನೇ ನೋಡಿ. ಕೀ ತೆಗೆದ ಮೇಲೂ ಗಡಿಯಾರ, ಸೆಂಟ್ರಲ್ ಲಾಕ್, ಜಿಪಿಎಸ್ ಟ್ರ್ಯಾಕರ್ ಇವೆಲ್ಲ ಚೂರುಚೂರೇ ವಿದ್ಯುತ್ ಕುಡಿಯುತ್ತಿರುತ್ತವೆ. ಒಟ್ಟು 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2, ತಿಂಗಳಿಗೆ 36 ಆಂಪಿಯರ್-ಅವರ್. 70ರ ಬ್ಯಾಟರಿಯಲ್ಲಿ ಅರ್ಧಕ್ಕರ್ಧ ಹೋಯಿತು. ಖಾಲಿಯಾದ ಬ್ಯಾಟರಿ ಹಾಗೇ ಬಿದ್ದಿದ್ದರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಡುಸಾಗುತ್ತದೆ; ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಹಿಡಿಯುವುದಿಲ್ಲ. ಇಲ್ಲಿ 70ರ ಬದಲು 90ರದ್ದು ಹಾಕಿದರೆ ಸಾವು ಎರಡು ವಾರ ಮುಂದೆ ಹೋಗುತ್ತದೆ, ಅಷ್ಟೆ. ಗಾಡಿ ನಿಲ್ಲಿಸುವಾಗ ಸಂಪರ್ಕ ತಪ್ಪಿಸುವ ಕಟ್-ಆಫ್ ಸ್ವಿಚ್ಚೋ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಡುವ ಚಿಕ್ಕ ಚಾರ್ಜರೋ ಇದಕ್ಕೆ ಸರಿಯಾದ ಮದ್ದು.

ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳದ್ದು ತದ್ವಿರುದ್ಧ ಕಥೆ. ಅವು ದಿನವಿಡೀ ಓಡುವುದರಿಂದ ಚಾರ್ಜಿಗೆ ಕೊರತೆಯಿಲ್ಲ, ಕೊಲ್ಲುವುದು ಕುಲುಕಾಟ. ಬಂಡೆ-ಕೊರಕಲಿನ ದಾರಿಯಲ್ಲಿ ಪ್ರತಿ ಏಟಿಗೂ ಪ್ಲೇಟಿಗೆ ಮೆತ್ತಿದ ಪುಡಿ ಉದುರುತ್ತದೆ. ಅದು ತಳದಲ್ಲಿ ಶೇಖರವಾಗಿ ಪ್ಲೇಟುಗಳನ್ನು ಮುಟ್ಟಿದ ದಿನ ಒಂದು ಕೋಣೆ ಶಾರ್ಟ್ ಆಗಿ, ನಿನ್ನೆವರೆಗೆ ಸರಿಯಿದ್ದ ಬ್ಯಾಟರಿ ಇದ್ದಕ್ಕಿದ್ದಂತೆ ಹತ್ತೂವರೆ ವೋಲ್ಟಿಗೆ ಕುಸಿಯುತ್ತದೆ. ಇಂಥ ಗಾಡಿಗೆ ಎಜಿಎಂ ಬ್ಯಾಟರಿ ಒಪ್ಪುತ್ತದೆ. ಇದರಲ್ಲಿ ಆ್ಯಸಿಡ್ ತುಳುಕುವುದಿಲ್ಲ. ಗಾಜಿನ ಎಳೆಯ ಹಾಸುಗಳು ಅದನ್ನು ಹೀರಿಕೊಂಡು, ಪ್ಲೇಟುಗಳನ್ನು ಎರಡೂ ಕಡೆಯಿಂದ ಒತ್ತಿ ಹಿಡಿದಿರುತ್ತವೆ. ಗಾಡಿ ಒಂದು ಪಕ್ಕಕ್ಕೆ ವಾಲಿದರೂ ಸೋರುವ ಭಯವಿಲ್ಲ. ಆದರೆ ಬೆಲೆ ಸಾಮಾನ್ಯ ಬ್ಯಾಟರಿಗಿಂತ ಬಹಳ ಹೆಚ್ಚು, ಮತ್ತು ಇದು ಬಿಸಿಯನ್ನು ಸಹಿಸುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟಿದಾಗ ಬಾನೆಟ್ಟಿನ ಒಳಗಿನ ಶಾಖ ಹೇಳುವುದೇ ಬೇಡ. ಅಲ್ಲಿ ಒಳ್ಳೆಯ ಸಾಮಾನ್ಯ ಬ್ಯಾಟರಿ ಕೊಂಡು, ಅದು ಮುಚ್ಚಳ ತೆಗೆಯುವಂಥದ್ದಾದರೆ ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿಕೊಳ್ಳುವುದೇ ಜಾಣತನ. ನಲ್ಲಿ ನೀರು ಮಾತ್ರ ಬೇಡ.

ಒಂದು ಎಚ್ಚರಿಕೆ: ಸಿಗ್ನಲ್ಲಿನಲ್ಲಿ ತಾನಾಗಿ ಎಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡುವ ಗಾಡಿಗಳಿಗೆ ಕಂಪನಿಯವರು ಎಜಿಎಂ ಅಥವಾ ಇಎಫ್‌ಬಿ ಎಂಬ ಬಲವರ್ಧಿತ ಬ್ಯಾಟರಿ ಹಾಕಿರುತ್ತಾರೆ. ದುಡ್ಡು ಉಳಿಸಲು ಅಲ್ಲಿ ಸಾಮಾನ್ಯದ್ದನ್ನು ಕೂರಿಸಿದರೆ ಅದು ಬೇಗ ಸೋತುಹೋಗುತ್ತದೆ.

ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಕಟ್ಟಿಕೊಂಡವರ ಲೆಕ್ಕವೇ ಬೇರೆ. 2014ರಲ್ಲಿ ಗೋವಾದ ಮಳೆಗಾಲದಲ್ಲಿ ಶುರುವಾದ ರೇನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಗಳಲ್ಲಿ ಗಾಡಿ ಕೆಸರಿನಿಂದ ಮೇಲೇಳುವುದೇ ವಿಂಚ್ ಬಲದಿಂದ. ದೊಡ್ಡ ಎಲೆಕ್ಟ್ರಿಕ್ ವಿಂಚ್ ಪೂರ್ತಿ ಭಾರ ಎಳೆಯುವಾಗ ಸುಮಾರು 400 ಆಂಪಿಯರ್ ನುಂಗುತ್ತದೆ. ಆಲ್ಟರ್ನೇಟರ್ ಕೊಡುವುದು ನೂರರ ಆಸುಪಾಸು. ಉಳಿದ ಮುನ್ನೂರು ಬ್ಯಾಟರಿಯಿಂದಲೇ ಬರಬೇಕು. ಕಾಗದದ ಲೆಕ್ಕಕ್ಕೆ 80ರ ಬ್ಯಾಟರಿ ಹದಿನಾರು ನಿಮಿಷ. ಕೆಸರಿನಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ವೋಲ್ಟೇಜ್ ಕುಸಿದು ವಿಂಚ್ ನರಳತೊಡಗುತ್ತದೆ. ಇಂಥವರಿಗೆ ಹೆಚ್ಚು ಸಿಸಿಎ ಇರುವ ಬ್ಯಾಟರಿ ಬೇಕು, ಜೊತೆಗೆ ಎಂಜಿನ್ ಓಡುತ್ತಿರುವಾಗ, ನಡುನಡುವೆ ಬಿಡುವು ಕೊಟ್ಟು ಎಳೆಯುವ ತಾಳ್ಮೆಯೂ ಬೇಕು.

ಕಾಡಂಚಿನಲ್ಲಿ ಟೆಂಟ್ ಹಾಕಿ ಗಾಡಿಯ ಫ್ರಿಜ್ಜಿನಲ್ಲಿ ಮೀನು-ಮಾಂಸ ಇಡುವವರಿಗೆ ಎರಡನೇ ಬ್ಯಾಟರಿಯೇ ದಾರಿ. ಚಿಕ್ಕ ಕಂಪ್ರೆಸರ್ ಫ್ರಿಜ್ ಸರಾಸರಿ 2 ಆಂಪಿಯರ್ ಎಳೆದರೂ ಹತ್ತು ಗಂಟೆಗೆ 20 ಆಯಿತು. ಎರಡು ರಾತ್ರಿ ಹೀಗೇ ಆದರೆ ಬೆಳಿಗ್ಗೆ ಸೆಲ್ಫಿಗೆ ಸಾಕಾಗುವಷ್ಟು ಉಳಿಯದಿರಬಹುದು. ಆದ್ದರಿಂದ ಫ್ರಿಜ್ಜಿಗೆ ದಪ್ಪ ಪ್ಲೇಟಿನ ಬ್ಯಾಟರಿಯನ್ನು ಹಿಂದೆ ಪ್ರತ್ಯೇಕವಾಗಿಟ್ಟು, ಎಂಜಿನ್ ಆರಿದೊಡನೆ ಎರಡನ್ನೂ ಬೇರ್ಪಡಿಸುವ ಐಸೊಲೇಟರ್ ಹಾಕುತ್ತಾರೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಈ ಜಾಗಕ್ಕೆ ಹೇಳಿ ಮಾಡಿಸಿದ್ದು, ತೂಕ ಅರ್ಧಕ್ಕಿಂತ ಕಡಿಮೆ. ಆದರೆ ಅದನ್ನು ಎಂಜಿನ್ ಪಕ್ಕದ ಬಿಸಿಗೆ ಒಡ್ಡಬಾರದು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಸೊನ್ನೆ ಡಿಗ್ರಿ ನಮಗೇಕೆ ಎನ್ನುವಂತಿಲ್ಲ. ಬೆಂಗಳೂರು, ಮಂಗಳೂರು ನೋಂದಣಿಯ ಗಾಡಿಗಳು ಲಡಾಖಿನ ರಸ್ತೆಗಳಲ್ಲಿ ಕಾಣಸಿಗುತ್ತವೆ. ಮೈನಸ್ 18ರಲ್ಲಿ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎಂಜಿನ್ ಆಯಿಲ್ ಮಂದವಾಗುವುದರಿಂದ ಸೆಲ್ಫಿಗೆ ಬೇಕಾದ ಶಕ್ತಿ ಏರುತ್ತದೆ. ಪೂರ್ತಿ ಚಾರ್ಜಿರುವ ಬ್ಯಾಟರಿಯ ಆ್ಯಸಿಡ್ ಮೈನಸ್ 50ರಲ್ಲೂ ಹೆಪ್ಪುಗಟ್ಟದು. ಖಾಲಿಯಾದದ್ದು ಮೈನಸ್ ಹತ್ತರ ಆಸುಪಾಸಿನಲ್ಲೇ ಗಟ್ಟಿಯಾಗಿ ಡಬ್ಬಿಯನ್ನು ಸೀಳಬಲ್ಲದು. ಮಲೆನಾಡಿನಲ್ಲಿ ತಲೆಕೆಡಿಸಿಕೊಳ್ಳಬೇಕಾಗಿಲ್ಲದ ಸಿಸಿಎ ಸಂಖ್ಯೆ ಅಲ್ಲಿ ಬೆಳಗಿನ ಪ್ರಯಾಣವನ್ನು ತೀರ್ಮಾನಿಸುತ್ತದೆ.

ಇನ್ನು ಅಂಗಡಿಯ ಮುಂದೆ. ಬ್ಯಾಟರಿ ಮೇಲೆ ‘80 ಡಿ 26 ಎಲ್’ ಎಂಬಂಥ ಗುರುತಿದ್ದರೆ ಅದು ಜಪಾನಿ ಪದ್ಧತಿ. 80 ಸಾಮರ್ಥ್ಯದ ದರ್ಜೆ, ಆಂಪಿಯರ್-ಅವರ್ ಅಲ್ಲ. ಡಿ ಅಗಲ-ಎತ್ತರದ ವರ್ಗ, 26 ಉದ್ದ ಸೆಂಟಿಮೀಟರಿನಲ್ಲಿ. ಕೊನೆಯ ಅಕ್ಷರ ಪ್ಲಸ್ ಟರ್ಮಿನಲ್ ಯಾವ ಬದಿಗಿದೆ ಎಂಬುದನ್ನು ಹೇಳುತ್ತದೆ. ಅದು ತಪ್ಪಿದರೆ ಕೇಬಲ್ ಮುಟ್ಟುವುದಿಲ್ಲ; ಎಳೆದು ಸಿಕ್ಕಿಸಿದರೆ ಕುಲುಕಾಟಕ್ಕೆ ಕಳಚಿಕೊಳ್ಳುತ್ತದೆ. ಎತ್ತರ ಹೆಚ್ಚಾಗಿ ಟರ್ಮಿನಲ್ ಬಾನೆಟ್ ತಗಡಿಗೆ ತಾಗಿತೋ, ಬೆಂಕಿಗೇ ಆಹ್ವಾನ. ತಯಾರಾದ ತಿಂಗಳನ್ನು ಕೇಳಿ ನೋಡಬೇಕು; ಆರು ತಿಂಗಳಿಗಿಂತ ಹಳೆಯದಾದರೆ ಬೇರೆಯದನ್ನು ಕೇಳುವುದು ಒಳ್ಳೆಯದು. ವಾರಂಟಿ ‘24+24’ ಎಂದಿದ್ದರೆ ನಾಲ್ಕು ವರ್ಷ ಪುಕ್ಕಟೆ ಎಂದಲ್ಲ: ಮೊದಲ ಎರಡು ವರ್ಷ ಹಾಳಾದರೆ ಪೂರ್ತಿ ಬದಲಿ, ನಂತರದ ಎರಡು ವರ್ಷ ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ.

ಹಳೆಯದನ್ನು ಗುಜರಿಗೆ ಹಾಕುವುದಕ್ಕಿಂತ ಅಂಗಡಿಗೇ ಎಕ್ಸ್‌ಚೇಂಜ್ ಕೊಡುವುದು ಲೇಸು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಬೆಲೆಯೂ ಇದೆ, ವಿಷವೂ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಒದಗಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ತೋಟದ ಶೆಡ್ಡಿಗೆ ಸಂಜೆ ಬಂದ ಹುಡುಗ ಮೊದಲು ಮೈನಸ್ ಕೇಬಲ್ ಬಿಚ್ಚುತ್ತಾನೆ, ಆಮೇಲೆ ಪ್ಲಸ್. ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರದಿರಲೆಂದು ಈ ಕ್ರಮ; ಜೋಡಿಸುವಾಗ ಇದರ ತಿರುಗಾಮುರುಗ. ಹಳೆಯ ಬ್ಯಾಟರಿ ಎತ್ತಿದಾಗ ಅದನ್ನು ಹಿಡಿದಿಡಬೇಕಾದ ಕಬ್ಬಿಣದ ಕ್ಲ್ಯಾಂಪ್ ತುಕ್ಕು ತಿಂದು ಮುರಿದಿರುವುದು ಕಾಣುತ್ತದೆ. ಅದರ ಜಾಗದಲ್ಲಿ ಯಾರೋ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದ್ದಾರೆ. “ಇದು ಎಷ್ಟು ದಿನದಿಂದ ಹೀಗಿದೆ ಅಣ್ಣಾ?” ಎಂದರೆ ಯಾರಿಗೂ ನೆನಪಿಲ್ಲ. ಹುಡುಗ ಹೊಸ ಬ್ಯಾಟರಿಯನ್ನು ಬೆಂಚಿನ ಮೇಲಿಟ್ಟು, ಮೊದಲು ಕ್ಲ್ಯಾಂಪ್ ತರಲು ಬೈಕ್ ಹತ್ತುತ್ತಾನೆ.