ಬಳ್ಳಾರಿಗೂ ಬರಲಿ ಒಂದು ತಂತ್ರಾಂಶ ಸಮಾವೇಶ

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮುಂದಿನ ಸಮ್ಮೇಳನದ ಆತಿಥ್ಯ ಬಳ್ಳಾರಿಗೆ ಒಲಿಯಿತು. ಈ ಊರಿಗೆ ಅದು ಹೊಸದೇನಲ್ಲ. 1926ರಲ್ಲಿ ಫ.ಗು. ಹಳಕಟ್ಟಿ, 1938ರಲ್ಲಿ ರಂಗನಾಥ ದಿವಾಕರ, 1958ರಲ್ಲಿ ವಿ.ಕೃ. ಗೋಕಾಕರು ಇಲ್ಲಿ ಅಧ್ಯಕ್ಷತೆ ವಹಿಸಿದ್ದರು. ಮೊದಲೆರಡು ಸಮ್ಮೇಳನಗಳ ಹೊತ್ತಿಗೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಬೇರೆ ಪ್ರಾಂತ್ಯದಲ್ಲಿದ್ದುಕೊಂಡೇ ಕನ್ನಡ ನಾಡನ್ನೆಲ್ಲ ಮನೆಗೆ ಕರೆದ ಊರಿದು.

ಇಂಥ ಊರು ತಂತ್ರಜ್ಞಾನದ ಒಂದು ಸಮುದಾಯ ಸಮಾವೇಶವನ್ನೂ ಕರೆಯಬಾರದೇಕೆ? ಕಂಪನಿಗಳು ಹೋಟೆಲುಗಳಲ್ಲಿ ನಡೆಸುವ ಸಮಾವೇಶದ ಮಾತಲ್ಲ ಇದು. ತಂತ್ರಾಂಶ ಬರೆಯುವವರೇ ಸೇರಿ, ಸಂಬಳವಿಲ್ಲದೆ ದುಡಿದು ಕಟ್ಟುವ ಕೂಟದ ಮಾತು. ಕರ್ನಾಟಕದಲ್ಲಿ ಅದು ಬೇರೂರಿದ ಬಗೆಯನ್ನು ನೋಡಿದರೆ ಬಳ್ಳಾರಿಯ ಆಸೆ ಅತಿಯಾಸೆ ಅನ್ನಿಸುವುದಿಲ್ಲ.

ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಅತುಲ್ ಚಿಟ್ನಿಸ್ 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶ ಲಿನಕ್ಸ್‌ನ ಸಿಡಿ ಹಂಚುವುದಕ್ಕೆ ಕಾರಣರಾದರು. ಇಂಟರ್ನೆಟ್ಟು ದುಬಾರಿಯಾಗಿದ್ದ ಕಾಲ. ಪತ್ರಿಕೆ ತಲುಪಿದ ಊರಿಗೆಲ್ಲ ಲಿನಕ್ಸ್ ತಲುಪಿತು. 2001ರಲ್ಲಿ ಬೆಂಗಳೂರಿನ ಬಳಕೆದಾರರು ‘ಲಿನಕ್ಸ್ ಬೆಂಗಳೂರು’ ಎಂಬ ಸಮಾವೇಶ ನಡೆಸಿದರು. 2005ರಲ್ಲಿ ಅದರ ಹೆಸರು ‘ಫಾಸ್ ಡಾಟ್ ಇನ್’ ಆಯಿತು. 2012ರ ಸಮಾವೇಶವೇ ಕೊನೆಯದು. ಮರುವರ್ಷ ಜೂನ್‌ನಲ್ಲಿ ಚಿಟ್ನಿಸ್ ತೀರಿಕೊಂಡರು. ಅಷ್ಟರಲ್ಲಿ, 2009ರ ಸೆಪ್ಟೆಂಬರಿನಲ್ಲಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರ ಮೊದಲ ‘ಪೈಕಾನ್ ಇಂಡಿಯಾ’ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿತ್ತು. ಅದು ಮುಂದೆ ಪುಣೆ, ದೆಹಲಿ, ಹೈದರಾಬಾದ್, ಚೆನ್ನೈಗಳಿಗೂ ಹೋಯಿತು. ಸಮಾವೇಶ ಊರೂರು ತಿರುಗತೊಡಗಿದಾಗಲೇ ‘ನಮ್ಮೂರಿಗೆ ಕೊಡಿ’ ಎಂದು ಲೆಕ್ಕಪತ್ರ ಸಮೇತ ಕೇಳುವ ಪದ್ಧತಿಗೆ ಅರ್ಥ ಬರುವುದು. ಅದನ್ನೇ ಬಿಡ್ ಅನ್ನುತ್ತಾರೆ.

ಬಿಡ್ ಎಂದರೆ ಎಷ್ಟು ಕೆಲಸ ಎಂಬುದನ್ನು ಕೊಚ್ಚಿಯಿಂದ ಕಲಿಯಬೇಕು. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವವರು 2000ದಿಂದ ವರ್ಷಕ್ಕೊಮ್ಮೆ ಸೇರುವ ಡೆಬ್‌ಕಾನ್, 2023ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಭಾರತಕ್ಕೆ ಬಂದದ್ದು ಕೊಚ್ಚಿಗೆ. ಮೊದಲ ವಾರ ಕೂತು ಕೆಲಸ ಮಾಡುವ ಶಿಬಿರ, ಎರಡನೆಯ ವಾರ ಉಪನ್ಯಾಸ. ಇದನ್ನು ಕೇಳುವ ತಂಡ ಸಭಾಂಗಣದ ಹೆಸರು ಬರೆದುಕೊಟ್ಟರೆ ಸಾಲದು. ಮಲಗುವ ಕೋಣೆಯಿಂದ ಸಭೆಗೆ ನಡೆದು ಹೋಗಬಹುದೇ? ರಾತ್ರಿಯಿಡೀ ಕೆಲಸ ಮಾಡುವವರಿಗೆ ಕೋಣೆ ತೆರೆದಿರುತ್ತದೆಯೇ? ಕರೆಂಟು ಹೋದರೆ ಜನರೇಟರ್ ಎಷ್ಟು ಹೊತ್ತು ಎಳೆಯುತ್ತದೆ? ಉಪನ್ಯಾಸಗಳನ್ನು ನೇರ ಪ್ರಸಾರ ಮಾಡುವಷ್ಟು ವೇಗದ ನೆಟ್‌ವರ್ಕ್ ಇದೆಯೇ? ಬರಲು ದುಡ್ಡಿಲ್ಲದವರ ಪ್ರಯಾಣದ ಖರ್ಚು ಯಾರದು? ವಿದೇಶದಿಂದ ಬರುವವರ ಕಾನ್ಫರೆನ್ಸ್ ವೀಸಾಕ್ಕೆ ಗೃಹ ಮತ್ತು ವಿದೇಶಾಂಗ ಸಚಿವಾಲಯಗಳ ಅನುಮತಿಯನ್ನೂ ಸಂಘಟಕರೇ ಓಡಾಡಿ ತರಬೇಕು. ಇಷ್ಟರ ಮೇಲೆ, ‘ಇಲ್ಲೇ ಏಕೆ?’ ಎಂಬ ಪ್ರಶ್ನೆ. ಕೇರಳದವರ ಬಳಿ ಅದಕ್ಕೆ ಗಟ್ಟಿ ಉತ್ತರವಿತ್ತು: ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಯುತ್ತಾರೆ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಕೊಚ್ಚಿಗೆ ಮೊದಲು ನಡೆದದ್ದು. 2022ರ ನವೆಂಬರಿನಲ್ಲಿ ಪಾಲಕ್ಕಾಡಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ, 2023ರ ಜನವರಿಯಲ್ಲಿ ತಮಿಳುನಾಡಿನ ವಿಲ್ಲುಪುರಂನಲ್ಲಿ ಎರಡೆರಡು ದಿನದ ಕಿರು ಡೆಬ್‌ಕಾನ್‌ಗಳು ನಡೆದವು. ಎರಡೂ ಮಹಾನಗರಗಳಲ್ಲ. ವಿಲ್ಲುಪುರಂಗೆ ಆದದ್ದು ಬಳ್ಳಾರಿಗೆ ಆಗದೆಂದು ಹೇಳುವವರ ಮಾತನ್ನು ನಾನಂತೂ ಒಪ್ಪಲಾರೆ.

ಬಳ್ಳಾರಿಯ ಬಿಡ್ ಕಡತದಲ್ಲಿ ಬರೆಯಲು ಬೇಕಾದಷ್ಟಿದೆ. 1980ರಲ್ಲಿ ಶುರುವಾದ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಎಂಜಿನಿಯರಿಂಗ್ ಕಾಲೇಜು, 1997ರ ಬಿಐಟಿಎಂ ಎಂಜಿನಿಯರಿಂಗ್ ಕಾಲೇಜು, 2010ರ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಇಲ್ಲಿರಬಹುದು. ಮುಂಬೈ, ಚೆನ್ನೈ ಕಡೆಯವರಿಗೆ ಗುಂತಕಲ್ ಜಂಕ್ಷನ್ ಹತ್ತಿರ. ಬೆಳಗಿನ ತಿಂಡಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಇರಲೇಬೇಕು. ಇದೇ ಜಿಲ್ಲೆಯ ಕುರುಗೋಡಿನ ದೊಡ್ಡಬಸವೇಶ್ವರ ರಥೋತ್ಸವಕ್ಕೆ ಬರುವ ಜನಕ್ಕೆ ಊಟ, ನೀರು, ನೆರಳು ಒದಗಿಸಿ ಅಭ್ಯಾಸವಿರುವ ಸೀಮೆ ಇದು. ಆ ಅನುಭವಸ್ಥರನ್ನು ತಂಡಕ್ಕೆ ಕರೆಯಬೇಕು.

‘ಇಲ್ಲೇ ಏಕೆ?’ ಎಂಬುದಕ್ಕೆ ಉತ್ತರ, ಇದೇ ಜಿಲ್ಲೆಯಲ್ಲಿ ತುಂಗಭದ್ರೆಯ ನೀರನ್ನು ನಂಬಿದ ಸಿರುಗುಪ್ಪದ ಗದ್ದೆಗಳಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ಎಷ್ಟು ನೀರು ಉಳಿಯುತ್ತದೆ, ಎರಡನೇ ಬೆಳೆಗೆ ಸಿಗುತ್ತದೋ ಇಲ್ಲವೋ ಎಂದು ಭತ್ತದ ರೈತರು ಕಂಗಾಲಾಗಿದ್ದರು. ಒಳಹರಿವು, ಹೊರಹರಿವು, ಕಾಲುವೆಗೆ ಬಿಟ್ಟ ನೀರು, ಇವೆಲ್ಲವನ್ನೂ ಯಾರು ಬೇಕಾದರೂ ಬಳಸಬಹುದಾದ ದತ್ತಾಂಶವಾಗಿಸಿ, ಕನ್ನಡದಲ್ಲಿ ಮೊಬೈಲಿಗೆ ತಲುಪಿಸುವ ತಂತ್ರಾಂಶವನ್ನು ಕಾಲುವೆಯ ಕೊನೆಯ ಭಾಗದ ರೈತರ ಜೊತೆ ಕೂತು ಬರೆಯುವುದು ಎರಡು ದಿನದ ಕಮ್ಮಟಕ್ಕೆ ತಕ್ಕ ಕೆಲಸ. ಇದನ್ನು ಬೆಂಗಳೂರಿನ ಸಭಾಂಗಣದಲ್ಲಿ ಮಾಡಲಾಗದು.

ಸಭಾಂಗಣ ದುಡ್ಡು ಕೊಟ್ಟರೆ ಸಿಗುತ್ತದೆ. ತಿಂಗಳಿಗೊಮ್ಮೆ ತಪ್ಪದೆ ಸೇರುವ ಹತ್ತು ಮಂದಿ ಹಾಗೆ ಸಿಗುವುದಿಲ್ಲ. ಕೇಳುವವರು ಯಾರು, ಇದುವರೆಗೆ ಒಟ್ಟಾಗಿ ಏನು ಮಾಡಿದ್ದಾರೆ ಎಂಬುದನ್ನು ಆಯ್ಕೆ ಸಮಿತಿ ಮೊದಲು ನೋಡುತ್ತದೆ. ಆದ್ದರಿಂದ ದೊಡ್ಡ ಬಿಡ್‌ಗೆ ಕೈಹಾಕುವ ಮುಂಚೆ ಒಂದು ಕಾಲೇಜಿನಲ್ಲಿ ಎರಡು ದಿನದ ಕಿರು ಸಮಾವೇಶ ಆಗಲಿ. ಏಪ್ರಿಲ್, ಮೇ ಬೇಡವೇ ಬೇಡ, ಇಲ್ಲಿನ ಬಿಸಿಲನ್ನು ಹೊರಗಿನವರು ತಡೆಯಲಾರರು. ಮುಂಗಾರು ಭತ್ತದ ಕೊಯ್ಲು ಮುಗಿದ ಜನವರಿ ಸರಿಯಾದ ತಿಂಗಳು. ಕೊನೆಯ ಉಪನ್ಯಾಸ ಸಂಜೆ ಐದಕ್ಕೆ ಮುಗಿಯಬೇಕು. ಸಿರುಗುಪ್ಪದ ವಿದ್ಯಾರ್ಥಿನಿ ತೆಕ್ಕಲಕೋಟೆ ದಾಟಿ ಮನೆ ಸೇರಬೇಕು, ಕುರುಗೋಡಿನವಳಿಗೂ ಬಸ್ ಸಿಗಬೇಕು. ರಾತ್ರಿ ಉಳಿದು ಕೆಲಸ ಮಾಡುತ್ತೇನೆನ್ನುವ ಹುಡುಗಿಯರಿಗೆ ಹಾಸ್ಟೆಲಿನಲ್ಲಿ ಎಷ್ಟು ಕೋಣೆ ಕಾದಿರಿಸಿದ್ದೇವೆ ಎಂಬುದನ್ನು ಕಡತದ ಮೊದಲ ಪುಟದಲ್ಲೇ ಬರೆಯಬೇಕು.