ಬೀರಿನ ಹುದುಗು ಮತ್ತು ಅದರ ಉಷ್ಣತಾಮಾಪನ

ಕೆಲವು ತಿಂಗಳುಗಳ ಹಿಂದೆ ಒಂದು ಭಾಷಾಂತರದ ಹಸ್ತಪ್ರತಿಯು ಪರಿಶೀಲನೆಗಾಗಿ ನನ್ನ ಬಳಿಗೆ ಬಂದಿತು. ಮನೆಯಲ್ಲಿ ಬೀರನ್ನು ತಯಾರಿಸುವ ಕ್ರಮವನ್ನು ತಿಳಿಸುವ ಇಂಗ್ಲಿಷ್ ಪುಸ್ತಕವೊಂದರ ಕನ್ನಡ ರೂಪವದು. ಮದ್ಯವನ್ನು ಮುಟ್ಟದವನಾದ ನನಗೆ ಈ ಕೆಲಸವನ್ನೇಕೆ ಒಪ್ಪಿಸಿದರೋ ತಿಳಿಯದು. ಪರಿಭಾಷೆಯನ್ನು ಮಾತ್ರ ನೋಡಿದರೆ ಸಾಕೆಂದರು. ಅದರಲ್ಲಿ ‘ಫರ್ಮೆಂಟೇಷನ್ ಟೆಂಪರೇಚರ್’ ಎಂಬುದನ್ನು ಒಂದೆಡೆ ‘ಕುದಿಯುವ ಶಾಖ’ವೆಂದೂ, ಮತ್ತೊಂದೆಡೆ ‘ಕೊಠಡಿಯ ಶಾಖ’ವೆಂದೂ ಅನುವಾದಿಸಿದ್ದಿತು. ಮೊದಲನೆಯ ತಪ್ಪಿಗೆ ಕಾರಣವು ಸ್ಪಷ್ಟವಾಗಿದೆ. ಲ್ಯಾಟಿನಿನ ‘ಫರ್ಮೆಂಟಂ’ ಎಂಬ ಶಬ್ದವನ್ನು ಕುದಿಯೆಂಬ ಅರ್ಥದ ‘ಫರ್ವೇರೆ’ ಎಂಬ ಕ್ರಿಯಾಪದದೊಡನೆ ನಿಘಂಟುಕಾರರು ಸೇರಿಸುತ್ತಾರೆ; ನೊರೆಯೆದ್ದು ಗುಳುಗುಳಿಸುವ ದ್ರವವನ್ನು ಕಂಡವರಿಗೆ ಹಾಗೆ ತೋರಿದುದು ಸಹಜವೇ ಸರಿ. ಆದರೆ ನಿಜವಾಗಿ ಕುದಿಯಿಸಿದರೆ ಹುದುಗು ಬರಿಸುವ ಯೀಸ್ಟ್ ಸತ್ತೇ ಹೋಗುವುದು. ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಬಲ್ಲವರೂ ಅದರಲ್ಲಿ ಬೀಳುತ್ತಾರೆ. ಪ್ರಕೃತ ಲೇಖನವು ಮುಖ್ಯವಾಗಿ ಅದನ್ನು ಕುರಿತುದು.

ಮೊಳೆಯಿಸಿ ಒಣಗಿಸಿದ ಜವೆಗೋದಿಯನ್ನು ಬಿಸಿನೀರಿನಲ್ಲಿ ನೆನೆಯಿಸಿ, ಅದರ ಸಿಹಿರಸವನ್ನು ಸೋಸಿ, ಹಾಪ್ ಎಂಬ ಬಳ್ಳಿಯ ಹೂಗಳೊಡನೆ ಕುದಿಯಿಸಿ, ಆರಿಸಿ, ಯೀಸ್ಟನ್ನು ಕೂಡಿಸುವುದು ಬೀರಿನ ಕ್ರಮ. ಯೀಸ್ಟ್ ಆ ರಸದ ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲಾಮ್ಲವಾಯುವನ್ನೂ ಉಂಟುಮಾಡುತ್ತದೆ. ಮೂರನೆಯದೊಂದು ಫಲವೂ ಉಂಟು, ಅದು ಶಾಖ. ಈ ಶಾಖವು ಹೊರಗಿನಿಂದ ಬಂದುದಲ್ಲ, ದ್ರವದೊಳಗೇ ಹುಟ್ಟಿದುದು. ಕನ್ನಡದ ‘ಹುದುಗು’ ಶಬ್ದಕ್ಕೆ ಅಡಗಿರು ಎಂಬ ಅರ್ಥವೂ ಇರುವುದಷ್ಟೆ; ಇಲ್ಲಿ ಆ ಅರ್ಥವೂ ಒಪ್ಪುವಂತಿದೆ.

ಆದುದರಿಂದ ಕೊಠಡಿಯ ಗೋಡೆಯ ಮೇಲಿನ ಉಷ್ಣಮಾಪಕವು ೨೦ ಅಂಶ ಸೆಂಟಿಗ್ರೇಡ್ ತೋರಿಸುತ್ತಿರುವಾಗ, ಅದೇ ಕೊಠಡಿಯ ಇಪ್ಪತ್ತು ಲೀಟರಿನ ಪಾತ್ರೆಯೊಳಗಿನ ರಸವು ಹುದುಗಿನ ಭರದಲ್ಲಿ ೨೩ ಅಥವಾ ೨೫ ಅಂಶಕ್ಕೆ ಏರಿರಬಹುದು. ಪಾತ್ರೆ ದೊಡ್ಡದಾದಷ್ಟೂ ಶಾಖವು ಹೊರಹೋಗುವುದು ಕಷ್ಟ. ಬಿಸಿಯೇರಿದಂತೆ ಯೀಸ್ಟಿನ ವೇಗವು ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಬಿಸಿಯೂ ಏರುತ್ತದೆ. ಕೊಠಡಿಯ ಶಾಖವನ್ನು ಅಳೆದು ನಿಶ್ಚಿಂತನಾಗಿರುವವನು ರೋಗಿಯ ಮೈಯನ್ನು ಬಿಟ್ಟು ಹಾಸಿಗೆಯನ್ನು ಮುಟ್ಟಿ ಜ್ವರವನ್ನು ಗೊತ್ತುಮಾಡುವ ವೈದ್ಯನಂತೆ.

ಈ ನಾಲ್ಕೈದು ಅಂಶಗಳಿಂದ ಏನು ಕೆಡುತ್ತದೆ? ಸಾಮಾನ್ಯವಾದ ಏಲ್ ಜಾತಿಯ ಯೀಸ್ಟ್ ೧೮ರಿಂದ ೨೨ ಅಂಶಗಳೊಳಗೆ ಚೆನ್ನಾಗಿ ಕೆಲಸಮಾಡುವುದು. ಲಾಗರ್ ಜಾತಿಯದಕ್ಕೆ ೮ರಿಂದ ೧೩ ಸಾಕು. ಮೇರೆ ಮೀರಿದರೆ ಭಾರವಾದ ಮದ್ಯಸಾರಗಳು ಹುಟ್ಟಿ ಗಂಟಲನ್ನು ಸುಡುವ ಕಟುತ್ವ ಬರುತ್ತದೆ. ಬೇಡದ ಕಡೆ ಬಾಳೆಹಣ್ಣಿನ ವಾಸನೆ ತಲೆದೋರುತ್ತದೆ. ತೀರ ತಣ್ಣಗಾದರೆ ಯೀಸ್ಟ್ ತಳಕ್ಕಿಳಿದು ಕೆಲಸವನ್ನೇ ನಿಲ್ಲಿಸಬಹುದು. ಈ ದೋಷಗಳ ಬಹುಭಾಗವು ಯೀಸ್ಟ್ ವೃದ್ಧಿಹೊಂದುವ ಮೊದಲ ಎರಡು ಮೂರು ದಿನಗಳಲ್ಲೇ ನಿಶ್ಚಯವಾಗಿಬಿಡುತ್ತದೆಂಬುದನ್ನು ವಾಚಕರು ಗಮನಿಸಬೇಕು. ಕಡೆಗಾಲದಲ್ಲಿ ಕೊಂಚ ಬೆಚ್ಚಗಾಗುವುದು ಗುಣವೇ ಆದೀತು. ಲಾಗರಿನಲ್ಲಿ ಬೆಣ್ಣೆಯ ವಾಸನೆಯು ಹೋಗಲೆಂದು ಬೇಕೆಂದೇ ಹಾಗೆ ಮಾಡುತ್ತಾರೆ.

ಉಷ್ಣಮಾಪಕವಿಲ್ಲದ ಕಾಲದಲ್ಲಿ ಋತುವೇ ಅಳತೆಯಾಗಿದ್ದಿತು. ಬವೇರಿಯದಲ್ಲಿ ೧೫೫೩ರ ರಾಜಾಜ್ಞೆಯು ಏಪ್ರಿಲ್ ೨೩ರಿಂದ ಸೆಪ್ಟೆಂಬರ್ ೨೯ರವರೆಗೆ ಬೀರು ತಯಾರಿಸುವುದನ್ನು ನಿಷೇಧಿಸಿತು. ಬೇಸಗೆಯ ಬೀರು ಕೆಡುವುದೆಂಬುದನ್ನು ಅಲ್ಲಿಯವರು ಅನುಭವದಿಂದ ಅರಿತಿದ್ದರು. ಲಂಡನ್ನಿನ ಮೈಕೇಲ್ ಕೋಂಬ್ರೂನ್ ಎಂಬಾತನು ೧೭೬೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವೃತ್ತಿಗೆ ಉಷ್ಣಮಾಪಕವನ್ನು ಆಧಾರವಾಗಿ ಹಿಡಿದನು. ನಾರ್ವೆಯ ಪಶ್ಚಿಮದ ವೋಸ್ ಪ್ರಾಂತದ ರೈತರಾದರೋ ‘ಕ್ವೈಕ್’ ಎಂಬ ಮನೆತನದ ಯೀಸ್ಟನ್ನು ಹಾಲಿನಷ್ಟು ಬೆಚ್ಚಗಿರುವ ರಸಕ್ಕೆ ಹಾಕುವ ವಾಡಿಕೆಯನ್ನು ಉಳಿಸಿಕೊಂಡು ಬಂದರು. ಆ ಯೀಸ್ಟಾದರೋ ೩೫ ಅಂಶಗಳ ಮೇಲೂ ರುಚಿಕೆಡಿಸದೆ ಹುದುಗುವಂಥದು. ಹೆಪ್ಪು ಹಾಕುವ ನಮ್ಮ ಹೆಂಗಸರ ‘ಉಗುರುಬೆಚ್ಚಗೆ’ ಎಂಬ ಮಾತೂ ಈ ಬಗೆಯದೇ. ಆಸವಾರಿಷ್ಟಗಳ ಭಾಂಡವನ್ನು ಧಾನ್ಯರಾಶಿಯಲ್ಲಿ ಹೂಳಿಡಬೇಕೆಂಬ ಆಯುರ್ವೇದದ ವಿಧಿಯೂ ಉಷ್ಣತೆಯು ಏರಿಳಿಯದಿರಲೆಂದೇ ಹುಟ್ಟಿತೆಂದು ನನ್ನ ಅಭಿಪ್ರಾಯ.

ಈಗ ಮನೆಯಲ್ಲಿ ತಯಾರಿಸುವವರು ಅಳೆಯುವ ಬಗೆ ಮೂರು ತೆರನಾದುದು. ಪಾತ್ರೆಯ ಹೊರಮೈಗೆ ಬಣ್ಣ ಬದಲಿಸುವ ಪಟ್ಟಿಯನ್ನು ಅಂಟಿಸುವುದು ಅತಿಸುಲಭ. ವಿದ್ಯುನ್ಮಾಪಕದ ತುದಿಯನ್ನು ಪಾತ್ರೆಯ ಮಗ್ಗುಲಿಗೆ, ರಸದ ಮಟ್ಟಕ್ಕಿಂತ ಕೆಳಗೆ, ಒತ್ತಿ ಕಟ್ಟಿ ಮೇಲೆ ದಪ್ಪ ಬಟ್ಟೆಯನ್ನು ಹೊದಿಸುವುದು ಇನ್ನೂ ಮೇಲು. ಹೊದಿಸದಿದ್ದರೆ ಅರ್ಧ ಗಾಳಿಯ ಉಷ್ಣತೆಯನ್ನೇ ಅಳೆದಂತಾಗುವುದು. ಮುಚ್ಚಳದಿಂದ ರಸದ ನಡುವಿಗೆ ಇಳಿಯುವ ಲೋಹದ ಕೊಳವೆಯಲ್ಲಿ ಮಾಪಕವನ್ನಿರಿಸುವುದು ಎಲ್ಲಕ್ಕಿಂತ ನಿಷ್ಕೃಷ್ಟ. ಶೀತಕ ಪೆಟ್ಟಿಗೆಯನ್ನು ತಾನಾಗಿ ನಡೆಯಿಸುವ ಯಂತ್ರವಿದ್ದರೂ, ಅದರ ತುದಿಯು ಪೆಟ್ಟಿಗೆಯ ಗಾಳಿಯಲ್ಲಿ ತೂಗುತ್ತಿದ್ದರೆ ಮೊದಲಿನ ದೋಷವೇ ಮರಳಿ ಬಂದಂತಾಯಿತು. ಮಾಪಕವನ್ನು ಕರಗುತ್ತಿರುವ ಮಂಜಿನಗಡ್ಡೆಯ ನೀರಿನಲ್ಲಿಟ್ಟು ಸೊನ್ನೆಯನ್ನು ಪರೀಕ್ಷಿಸಬೇಕು. ಕುದಿನೀರಿನ ಪರೀಕ್ಷೆಯಲ್ಲಿ ಎಚ್ಚರ ಬೇಕು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು ೯೭ ಅಂಶಕ್ಕೇ ಕುದಿಯುತ್ತದೆ.

ಇಂಗ್ಲೆಂಡಿನಲ್ಲಿ ೧೯೬೩ರಿಂದ ಮನೆಬಳಕೆಯ ಬೀರಿಗೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ ೧೯೭೮ರ ಕಾಯಿದೆಯು ಸುಂಕವಿಲ್ಲದೆ ಅನುಮತಿ ಕೊಟ್ಟಿತು. ಕರ್ನಾಟಕದಲ್ಲಿ ೧೯೬೫ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅನುವಾದಕರು ಮುನ್ನುಡಿಯಲ್ಲಿ ಇದನ್ನು ಹೇಳಲೇಬೇಕು.

ಇನ್ನು ಪರಿಭಾಷೆ. ಅನುವಾದಕರು ಯೀಸ್ಟನ್ನು ‘ಕಿಣ್ವ’ವೆಂದು ಕರೆದಿದ್ದರು. ಸಂಸ್ಕೃತದಲ್ಲಿ ಅದು ಸುರೆಗೆ ಹಾಕುವ ಬೀಜವೇ. ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿಯೂ ಅದೇ ಅರ್ಥ. ಆದರೆ ಇಂದಿನ ಕನ್ನಡದಲ್ಲಿ ಆ ಶಬ್ದವು ಎನ್ಜೈಮಿಗೆ ಮೀಸಲಾಗಿದೆ. ಎನ್ಜೈಮ್ ಎಂಬುದರ ಗ್ರೀಕ್ ಮೂಲಕ್ಕೂ ‘ಹುದುಗಿನೊಳಗಿನದು’ ಎಂದೇ ಅರ್ಥವಾದುದರಿಂದ ಈ ಪಲ್ಲಟವು ಅಸಂಗತವಲ್ಲವಾದರೂ, ಒಂದೇ ಪುಸ್ತಕದಲ್ಲಿ ಎರಡಕ್ಕೂ ಒಂದೇ ಹೆಸರು ಸಲ್ಲದು. ಯೀಸ್ಟನ್ನು ಯೀಸ್ಟೆಂದೇ ಉಳಿಸಿ, ‘ಕೊಠಡಿಯ ಶಾಖ’ವನ್ನು ಹೊಡೆದುಹಾಕಿ, ‘ಹುದುಗುತ್ತಿರುವ ರಸದ ಉಷ್ಣತೆ’ ಎಂದು ಅಂಚಿನಲ್ಲಿ ಬರೆದೆನು. ಮೊದಲನೆಯದನ್ನು ಅವರು ಒಪ್ಪಿದ್ದಾರೆ. ಎರಡನೆಯದು ಬಹಳ ಉದ್ದವಾಯಿತೆಂದು ಆಕ್ಷೇಪಿಸಿದ್ದಾರೆ. ಉದ್ದವಾದರೂ ‘ರಸದ’ ಎಂಬ ಮಾತನ್ನು ಮಾತ್ರ ಬಿಡಕೂಡದೆಂದು ಉತ್ತರ ಬರೆದಿದ್ದೇನೆ.